ರೇಸಿಗೆ ಹೊರಟ ಪಂಪ್‌ಸೆಟ್ ಅಂಗಡಿಯವನು

ಕಾರಿನ ಹುಚ್ಚು ಹಿಡಿದವನು ನಗೆಪಾಟಲಾಗಲು ಕಷ್ಟಪಡಬೇಕಿಲ್ಲ. ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಮಿಕ್ಕಿದ್ದು ತಾನಾಗಿಯೇ ಆಗುತ್ತದೆ. ಚಿತ್ರದುರ್ಗದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ. ಮನೆಯಲ್ಲಿ ಎರಡು ಕಾರು. ಒಂದು ಈಗಿನ ಕಾಲದ ಸಣ್ಣ ಕಾರು. ಅದನ್ನು ಆಗಾಗ ರೇಸ್ ಟ್ರ್ಯಾಕಿಗೆ ಒಯ್ದು ಮನಸ್ಸು ತುಂಬುವಷ್ಟು ಓಡಿಸಿಕೊಂಡು ಬರುತ್ತೇನೆ. ಇನ್ನೊಂದು, ಗೇರಿನ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತಿದ್ದ ಕಾಲದ ದುಂಡನೆಯ ಹಳೇ ಕಾರು. ಅದನ್ನು ನಾನು ಓಡಿಸುತ್ತೇನೆ ಅನ್ನುವುದು ತಪ್ಪು. ಅದಕ್ಕೆ ಮನಸ್ಸು ಬಂದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಮಧ್ಯದಲ್ಲಿ ಏನೈತೆ?

ಮೊದಲ ಸಲ ಟ್ರ್ಯಾಕಿಗೆ ಹೊರಟ ದಿನ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಎಲ್ಲಿಗೆ ಹೊಂಟಿದೀಯೋ?"

"ತಮಿಳುನಾಡಿಗೆ ಅವ್ವ. ಕಾರು ಓಡ್ಸಕ್ಕೆ."

"ಯಾಕೆ, ನಮ್ ಕಡೆ ರಸ್ತೆ ಇಲ್ವಾ?"

"ಅದು ರಸ್ತೆ ಅಲ್ಲವ್ವ, ಟ್ರ್ಯಾಕು. ಎದುರಿಗೆ ಯಾರೂ ಬರಲ್ಲ. ಎಷ್ಟು ಜೋರಾಗಿ ಬೇಕಾದ್ರೂ ಹೋಗಬೌದು."

"ಆ ಟ್ರ್ಯಾಕು ಯಾವೂರಿಗೆ ಹೋಗ್ತೈತೆ?"

"ಯಾವೂರಿಗೂ ಹೋಗಲ್ಲ. ಸುತ್ತಿ ಸುತ್ತಿ ಹೊರಟಲ್ಲಿಗೇ ಬರ್ತೀವಿ."

ಅವ್ವನ ಕೈ ಅವರೆಕಾಯಿ ಬಿಟ್ಟಿತು. "ಸುತ್ತಕ್ಕೆ ಮಧ್ಯದಾಗೆ ಏನೈತೆ?"

"ಏನೂ ಇಲ್ಲ. ಹುಲ್ಲು."

ಅವ್ವ ನನ್ನನ್ನು ಒಮ್ಮೆ ಕಾಲಿನಿಂದ ತಲೆಯವರೆಗೂ ನೋಡಿದಳು. "ಹುಲ್ಲಿಗೆ ಪ್ರದಕ್ಷಿಣೆ ಹಾಕಕ್ಕೆ ಅಷ್ಟು ದೂರ ಹೋಗ್ತಾರೇನೋ?"

ಕಾರು ಹತ್ತಿ ಹೊರಟುಬಿಟ್ಟೆ. ಎರಡು ದಿನ ಬಿಟ್ಟು ವಾಪಸ್ ಬಂದು ಕಾರಿನಿಂದ ಇಳಿಯುತ್ತಿದ್ದಂತೆ ಪಕ್ಕದ ಮನೆಯಾಕೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಎರಡೂ ಕೈ ಚಾಚಿ ಎದುರಿಗೆ ನಿಂತರು. ನನಗೆ ಅರ್ಥವಾಗಲಿಲ್ಲ. ಹಿಂದಿನಿಂದ ಅವ್ವ ಪಿಸುಗುಟ್ಟಿದಳು: "ಹರಕೆ ತೀರ್ಸಕ್ಕೆ ಹೋಗಿದಾನೆ ಅಂತ ಹೇಳ್ಬಿಟ್ಟಿದೀನಿ. ಏನಾರ ಪ್ರಸಾದ ಕೊಡು."

ಕಾರಿನಲ್ಲಿ ಉಳಿದಿದ್ದದ್ದು ಗ್ಲೂಕೋಸ್ ಪುಡಿಯ ಅರ್ಧ ಪೊಟ್ಟಣ. ಆಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ದೊಡ್ಡ ಕ್ಷೇತ್ರ ಇರಬೇಕು, ಬಾಯಿಗಿಟ್ಟ ತಕ್ಷಣ ಮೈಯಾಗೆ ಶಕ್ತಿ ಬಂದಂಗಾತು" ಅಂದರು.

ಹೊಳಲ್ಕೆರೆ ಗಾಡಿ

ನನ್ನ ಜೊತೆ ಓದಿದ ಗೆಳೆಯನೊಬ್ಬ ಹೊಳಲ್ಕೆರೆ ಮತ್ತು ಚಿತ್ರದುರ್ಗದ ನಡುವೆ ಜನ ಹತ್ತಿಸಿಕೊಂಡು ಟೆಂಪೋ ಓಡಿಸುತ್ತಾನೆ. ಒಮ್ಮೆ "ಲೇ, ನಾನೂ ಬರ್ತೀನಿ, ನಿಮ್ಮ ಟ್ರ್ಯಾಕು ಎಂಗೈತೋ ನೋಡಾಣ" ಅಂದ. ಕರೆದುಕೊಂಡು ಹೋದೆ.

ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಬಾವುಟಗಳ ಪಾಠ ಮಾಡಿದರು. ತಿರುವು ತಿರುವಿಗೂ ಒಬ್ಬ ಸಿಬ್ಬಂದಿ ನಿಂತಿರುತ್ತಾರೆ, ನೀಲಿ ಬಾವುಟ ಬೀಸಿದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ, ದಾರಿ ಬಿಡಿ ಎಂದರ್ಥ ಅಂತ ಎಲ್ಲ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಗೆಳೆಯ ಉದ್ದಕ್ಕೂ ತಲೆ ಆಡಿಸುತ್ತಿದ್ದ. ಅದು ತೂಕಡಿಕೆ ಎಂದು ನನಗೆ ಆಮೇಲೆ ಗೊತ್ತಾಯಿತು.

ನನ್ನ ಸಣ್ಣ ಕಾರನ್ನು ಅವನಿಗೆ ಕೊಟ್ಟು ನಾನು ಟ್ರ್ಯಾಕಿನ ಅಂಚಿನ ಗೋಡೆಯ ಪಕ್ಕ ನಿಂತೆ. ಮೊದಲನೇ ಸುತ್ತು ಬಲು ಚಂದ ಬಂದ. ಎರಡನೇ ಸುತ್ತಿನಲ್ಲಿ ದೂರದ ತಿರುವಿನ ಸಿಬ್ಬಂದಿ ನೀಲಿ ಬಾವುಟ ಬೀಸಿದರು. ಹಿಂದಿನಿಂದ ಎರಡು ಕಾರು ಕಿರುಚಿಕೊಂಡು ಬರುತ್ತಿದ್ದವು. ನಮ್ಮವನು ಕಾರನ್ನು ನಾಜೂಕಾಗಿ ಎಡಕ್ಕೆ ತಂದ. ಆಹಾ, ಪಾಠ ಕೇಳಿಸಿಕೊಂಡಿದ್ದಾನೆ ಅಂದುಕೊಂಡೆ. ಆದರೆ ಅವನು ಬಾವುಟ ಬೀಸಿದವರ ಪಕ್ಕದಲ್ಲೇ ಗಾಡಿ ನಿಲ್ಲಿಸಿದ. ಒಳಗಿನಿಂದಲೇ ಬಗ್ಗಿ ಎಡಗಡೆ ಬಾಗಿಲು ತೆಗೆದ.

ಕಾರಿಗೆ ಬೆಂಕಿ ಬಿತ್ತು ಅಂದುಕೊಂಡ ಆ ಮನುಷ್ಯ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿಬಂದರು. ಹೆಲ್ಮೆಟ್ಟಿನೊಳಗಿಂದ ನಮ್ಮವನು ಕೇಳಿದ: "ಎಲ್ಲಿಗ್ರಿ? ಬರ್ರಿ, ಮುಂದ್ಕೇ ಕುಂತ್ಕಳ್ರಿ. ಸಿಲಿಂಡ್ರು ಹಿಂದ್ಕಿಡ್ರಿ."

ಟ್ರ್ಯಾಕೇ ನಿಂತುಹೋಯಿತು. ಅಧಿಕಾರಿಯೊಬ್ಬರು ನಮ್ಮಿಬ್ಬರನ್ನೂ ಕರೆಸಿ ವಿಚಾರಿಸಿದರು. ನಾನು ಮಧ್ಯೆ ನಿಂತು ಅತ್ತ ಇತ್ತ ಅರ್ಥ ಹೇಳಿದೆ.

"ಯಾಕೆ ನಿಲ್ಲಿಸಿದಿರಿ?"

"ಕೈ ಮಾಡಿದ್ರು."

"ಅದು ಬಾವುಟ!"

"ಬಾವುಟ ಆಗ್ಲಿ, ಛತ್ರಿ ಆಗ್ಲಿ, ಟವಲ್ ಆಗ್ಲಿ. ರಸ್ತೆ ಪಕ್ಕ ನಿಂತು ಏನಾರ ಅಲ್ಲಾಡ್ಸಿದ್ರೆ ಬಿಟ್ಟೋಗಕ್ಕೆ ಆಗ್ತೈತೇನ್ರಿ? ಬಿಸ್ಲು ಬೇರೆ."

ಆ ಅಧಿಕಾರಿ ನಗು ತಡೆಯಲಾರದೆ, ಇನ್ನು ಯಾರು ಏನು ಬೀಸಿದರೂ ನಿಲ್ಲಿಸುವುದಿಲ್ಲ ಅಂತ ಅವನಿಂದ ಮಾತು ತೆಗೆದುಕೊಂಡು ಬಿಟ್ಟರು. ಗೆಳೆಯ ಮಾತು ಉಳಿಸಿಕೊಂಡ. ಆಮೇಲೆ ಎಲ್ಲೂ ನಿಲ್ಲಿಸಲಿಲ್ಲ. ಪ್ರತಿ ಬಾವುಟದ ಮುಂದೆಯೂ ಸ್ವಲ್ಪ ನಿಧಾನ ಮಾಡಿ, ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಹಿಂದಕ್ಕೆ ತೋರಿಸುತ್ತಿದ್ದ: ಹಿಂದೆ ಇನ್ನೊಂದು ಗಾಡಿ ಬರ್ತೈತೆ, ಅದಕ್ಕೆ ಹತ್ರಿ.

ಕೆಂಪು ಬಟ್ಟೆ

ರೇಸಿನ ಬಟ್ಟೆ ಒಂದು ತರಿಸಿದೆ. ಕುತ್ತಿಗೆಯಿಂದ ಹಿಮ್ಮಡಿವರೆಗೆ ಒಂದೇ ತುಂಡು, ಕಡುಗೆಂಪು, ಎದೆಯ ಮೇಲೆ ಎಣ್ಣೆ ಕಂಪನಿಯದರಂಥ ಒಂದು ಬಿಲ್ಲೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಜೋಗಿಮಟ್ಟಿ ಬೆಟ್ಟದ ಕಡೆ ಒಂದು ಸುತ್ತು ಹೋಗಿಬರೋಣ ಅಂತ ಹೊರಟವನು ಟೈರಿಗೆ ಗಾಳಿ ಹೊಡೆಸಲು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ.

ಕಾರಿನಿಂದ ಇಳಿದು ಎರಡು ಹೆಜ್ಜೆ ಇಟ್ಟಿಲ್ಲ, ಬೈಕೊಂದು ಬಂದು ನನ್ನ ಮೊಣಕಾಲಿಗೆ ತಾಗಿ ನಿಂತಿತು. "ಫುಲ್ ಮಾಡಣ್ಣ."

"ನಾನು ಬಂಕಿನವನಲ್ಲ."

"ಡ್ಯೂಟಿ ಮುಗೀತಾ? ಇದೊಂದು ಹಾಕಿ ಹೋಗಣ್ಣ."

ಅಷ್ಟರಲ್ಲಿ ಅವನ ಹಿಂದೆ ಮೂರು ಬೈಕು, ಡೀಸೆಲ್ ಕ್ಯಾನು ಹಿಡಿದ ಯಜಮಾನರೊಬ್ಬರು ಸಾಲು ನಿಂತರು. ಯಜಮಾನರು ಜೋರಾಗಿ, "ಅವರಿಗಿಂತ ಮುಂಚೆ ನಾನು ಬಂದಿದೀನಿ, ನನ್ನ ನೋಡಿಯೂ ನೋಡದಂಗೆ ನಿಂತಿದೀಯಲ್ಲಪ್ಪ" ಎಂದು ರೇಗಿದರು.

ಇನ್ನು ಸತ್ಯ ಹೇಳದೆ ದಾರಿಯಿಲ್ಲ ಅನ್ನಿಸಿತು. ಎದೆಯುಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನೋಡ್ರಿ, ನಾನು ರೇಸ್ ಓಡ್ಸೋನು!"

ಯಜಮಾನರು ಕ್ಯಾನಿನ ಮುಚ್ಚಳ ತಿರುವುತ್ತಾ, "ಏನಾರ ಓಡ್ಸಪ್ಪ" ಅಂದರು. "ಮೊದ್ಲು ಝೀರೋ ತೋರ್ಸು."

ಕಣ್ಣೀರು

ಹಳೇ ಕಾರನ್ನು ಹೊಸದುರ್ಗದ ಸಂತೆ ದಿನ ರಸ್ತೆ ಬದಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆ. ರುಮಾಲು ಸುತ್ತಿದ ಮುದುಕರೊಬ್ಬರು ಕಾರನ್ನು ಸುತ್ತು ಹಾಕಿದರು. ಬಾನೆಟ್ ಸವರಿದರು. ಹೆಡ್‌ಲೈಟಿನ ಮೇಲೆ ಕೈಯಿಟ್ಟು ಹಾಗೇ ನಿಂತರು. ನೋಡಿದರೆ ಕಣ್ಣಲ್ಲಿ ನೀರು.

ಚಹಾ ಲೋಟ ಕೆಳಗಿಟ್ಟೆ. ಹಳೇ ಕಾರು ಇಟ್ಟುಕೊಂಡವನ ಬದುಕು ಸಾರ್ಥಕ ಆಗುವುದೇ ಇಂಥ ಗಳಿಗೆಯಲ್ಲಿ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ನಿಮ್ಮ ಮನೆಯಾಗೂ ಇಂಥ ಕಾರು ಇತ್ತಾ ಅಜ್ಜ?"

"ಇಲ್ಲಪ್ಪ. ನಮ್ ಎಮ್ಮೆಗೆ ಗುದ್ದಿತ್ತು."

"ಅಯ್ಯೋ! ಎಮ್ಮೆ ಹೋಗ್ಬಿಡ್ತಾ?"

"ಎಮ್ಮೆಗೇನಾಗ್ತೈತೆ? ಎದ್ದು ಮೈ ಕೊಡವಿಕೊಂಡು ಮೇಯಕ್ಕೆ ಹೋತು. ಕಾರು ಮಾತ್ರ ಜಪ್ಪಯ್ಯ ಅನ್ಲಿಲ್ಲ. ನಮ್ ಹೊಲದಾಗೇ ಬಿಟ್ಟು ಹೋದ್ರು. ಬಿಸ್ಲು ಹೊತ್ತಿನಾಗೆ ಎಮ್ಮೆ ಅದ್ರ ನೆರಳಿಗೇ ಬಂದು ಮಲಗ್ತಿತ್ತು." ಮತ್ತೊಮ್ಮೆ ಹೆಡ್‌ಲೈಟ್ ಸವರಿ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಒಳ್ಳೇ ಎಮ್ಮೆ ಕಣಪ್ಪ."

ರೈಟ್, ರೈಟ್

ಹಳೇ ಕಾರು ಇರುವವರದು ನಮ್ಮದೊಂದು ಚಿಕ್ಕ ಗುಂಪು. ಹಲ್ಲಿನ ಡಾಕ್ಟರೊಬ್ಬರು ಮುಖ್ಯಸ್ಥರು. ಒಂದು ಭಾನುವಾರ ರ‍್ಯಾಲಿ ಇಟ್ಟುಕೊಂಡೆವು: ಚಿತ್ರದುರ್ಗದಿಂದ ಹೊರಟು ಹಿರಿಯೂರು ದಾಟಿ ಧರ್ಮಪುರದ ಶಾಲೆ ಮೈದಾನ ಮುಟ್ಟುವುದು. ಜೋರಾಗಿ ಹೋದವರು ಗೆದ್ದಂತಲ್ಲ. ಕೊಟ್ಟ ದಾರಿಯಲ್ಲಿ, ಒಂದೇ ಹದದ ವೇಗದಲ್ಲಿ ಬಂದವರಿಗೆ ಬಹುಮಾನದ ಕಪ್ಪು. ಎಲ್ಲ ಕಾರಿಗೂ ಹೂವಿನ ಹಾರ ಹಾಕಿದ್ದೆವು. ದಾರಿ ಹೇಳಲು ಪ್ರತಿ ಕಾರಿನಲ್ಲೂ ಡ್ರೈವರ್ ಪಕ್ಕ ಒಬ್ಬ ನ್ಯಾವಿಗೇಟರ್ ಕೂರಬೇಕು. ನಾನು ಹೊಸದುರ್ಗದ ಕಡೆಯ ಮತ್ತೋಡಿನಿಂದ ನನ್ನ ಚಿಕ್ಕಪ್ಪನನ್ನು ಕರೆಸಿದೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಜಿಲ್ಲೆಯ ರಸ್ತೆಗಳೆಲ್ಲ ಬಾಯಿಪಾಠ.

ನನ್ನ ಕಾರು ಎಲ್ಲರಿಗಿಂತ ಮುಂದೆ. ಹಿರಿಯೂರು ದಾಟಿ ಸುಮಾರು ದೂರ ಹೋದ ಮೇಲೆ ಕುರಿಹಿಂಡೊಂದು ಅಡ್ಡ ಬಂತು. ನಿಲ್ಲಿಸಿದೆ. ಹಿಂದಿನವರೂ ನಿಂತರು. ಕೊನೇ ಕುರಿ ದಾಟಿದ್ದೇ ತಡ, ಚಿಕ್ಕಪ್ಪ ಹಳೇ ಅಭ್ಯಾಸದಂತೆ ಬಾಗಿಲಿಗೆ ಎರಡೇಟು ಬಡಿದು ಕೂಗಿದರು: "ರೈಟ್! ರೈಟ್!"

ಬಲಗಡೆ ಒಂದು ಮಣ್ಣಿನ ದಾರಿ ಇತ್ತು. ನ್ಯಾವಿಗೇಟರ್ ಮಾತು ಮೀರಬಾರದು. ತಿರುಗಿಸಿದೆ. ಹಿಂದಿದ್ದ ಕಾರುಗಳೆಲ್ಲ ಒಂದರ ಹಿಂದೆ ಒಂದು ತಿರುಗಿದವು.

"ಈ ಕಡೆ ಯಾಕೆ ಬಂದ್ಯಪ್ಪ?" ಅಂತ ಚಿಕ್ಕಪ್ಪ ಕೇಳುವಷ್ಟರಲ್ಲಿ ಶೇಂಗಾ ಹೊಲಗಳ ನಡುವಿನ ದಾರಿ ಒಂದು ಮನೆಯ ಅಂಗಳದಲ್ಲಿ ಮುಗಿದಿತ್ತು. ಬಾಗಿಲಿಗೆ ಮಾವಿನ ತೋರಣ. ಹಾರ ಹಾಕಿದ ಕಾರುಗಳ ಸಾಲು ನೋಡಿ ಮನೆಯವರೆಲ್ಲ ಹೊರಗೋಡಿ ಬಂದರು. "ಬರ್ರಿ, ಬರ್ರಿ! ಇಷ್ಟು ಜನ ಬರ್ತೀರಿ ಅಂತ ಗೊತ್ತಿರ್ಲಿಲ್ಲ. ಕುಂತ್ಕಳ್ರಿ!" ಯಾರಾದರೂ ಬಾಯಿ ತೆಗೆಯುವ ಮೊದಲೇ ಕೈಗೆ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಬಂದವು. ಡಾಕ್ಟರು ನನ್ನ ಬೆನ್ನು ತಟ್ಟಿ, "ಹೇಳದೇನೇ ಎಷ್ಟು ಚೆನ್ನಾಗಿ ತಿಂಡಿ ವ್ಯವಸ್ಥೆ ಮಾಡಿದೀರಿ!" ಅಂದರು.

ನನಗೆ ಅನುಮಾನ ಬಂದದ್ದು, ಆ ಮನೆಯ ಅಜ್ಜಿ ಬಾಗಿಲ ಸಂದಿಯಿಂದ ಬಂದು ಚಿಕ್ಕಪ್ಪನ ಎದುರು ನಿಂತಾಗ.

"ಹುಡುಗ ಇವ್ರೇನಾ? ವಯಸ್ಸು ಸ್ವಲ್ಪ ಜಾಸ್ತಿ ಕಾಣ್ತೈತೆ."

ಚಿಕ್ಕಪ್ಪ ಗಂಭೀರವಾಗಿ, "ನಾನು ನ್ಯಾವಿಗೇಟರ್" ಅಂದರು.

"ಅದು ಪರ್ಮನೆಂಟ್ ಕೆಲಸಾನಾ?"

"ಇಲ್ಲಮ್ಮ. ಇವತ್ತೊಂದಿನ ಅಷ್ಟೇ."

ಅಜ್ಜಿ ಅವರ ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆಯನ್ನು ವಾಪಸ್ ತೆಗೆದುಕೊಂಡು ಒಳಗೆ ಹೋಗಿಬಿಟ್ಟರು.

ಸರಿಯಾಗಿ ಆ ಹೊತ್ತಿಗೆ ಹೆಣ್ಣು ನೋಡಲು ಬರಬೇಕಾಗಿದ್ದ ನಿಜವಾದ ಗಂಡಿನ ಕಡೆಯವರು ಬಂದಿಳಿದರು. ಉಪ್ಪಿಟ್ಟಿನ ಪಾತ್ರೆಯ ತಳ ಕಾಣುತ್ತಿತ್ತು. ಹುಡುಗಿಯ ಅಪ್ಪ ನಮ್ಮನ್ನು ನೋಡಿದರು, ಅವರನ್ನು ನೋಡಿದರು, ಪಾತ್ರೆಯನ್ನು ನೋಡಿದರು. ನಾವು ಕೈಮುಗಿದು ಎಲ್ಲ ಹೇಳಿದೆವು. ಪುಣ್ಯಕ್ಕೆ ಅವರೇ ಮೊದಲು ನಕ್ಕರು. ನಮ್ಮ ಕಾರುಗಳ ಹಿಂದಿನ ಸೀಟಿನಲ್ಲಿ ಬಂದಿದ್ದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿ ರವೆ ಹುರಿದರು. ಗಂಡು ಮಾತ್ರ ಒಳಗೇ ಬರಲಿಲ್ಲ, ಒಂದೊಂದೇ ಬಾನೆಟ್ ಎತ್ತಿ ನೋಡುತ್ತಿದ್ದ. ಅವನಪ್ಪ ಬಂದು "ಲೇ, ನೋಡಾಕೆ ಬಂದಿರೋದು ಹುಡುಗಿನ!" ಅಂತ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ನಾವು ಧರ್ಮಪುರದ ಮೈದಾನ ಮುಟ್ಟಿದಾಗ ಮಧ್ಯಾಹ್ನ. ಅಲ್ಲಿ ಆಗಲೇ ಒಂದು ಕಾರು ನಿಂತಿತ್ತು. ಅದು ನಮ್ಮ ಗುಂಪಿನ ಮೇಷ್ಟ್ರದು, ಹಿರಿಯೂರು ದಾಟುತ್ತಿದ್ದಂತೆ ಕೆಟ್ಟು ಹಿಂದೆ ಉಳಿದಿತ್ತು. ಧರ್ಮಪುರಕ್ಕೆ ಹೊರಟಿದ್ದ ಟ್ರ್ಯಾಕ್ಟರೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದರು. ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ಅವರು ನೆಟ್ಟಗೆ ಮುಂದೆ ಹೋಗಿಬಿಟ್ಟಿದ್ದರು.

ಡಾಕ್ಟರು ತಲೆ ಕೆರೆದುಕೊಂಡರು. ಕೊಟ್ಟ ದಾರಿಯಲ್ಲೇ ಬಂದದ್ದು ಅದೊಂದೇ ಕಾರು. ವೇಗವಂತೂ ಹಗ್ಗ ಕಟ್ಟಿದಲ್ಲಿಂದ ಕೊನೇವರೆಗೂ ಒಂದೇ ಹದ. ನಿಯಮದ ಪ್ರಕಾರ ಕಪ್ಪು ಅದಕ್ಕೇ. ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, "ಓಡಿಸಿದ್ದು ನಾನಲ್ಲ, ಇವರು" ಅಂತ ಟ್ರ್ಯಾಕ್ಟರಿನವನನ್ನು ಮುಂದಕ್ಕೆ ತಳ್ಳಿದರು. ಊರವರ ಚಪ್ಪಾಳೆಯ ನಡುವೆ ಕಪ್ಪು ಅವನ ಕೈ ಸೇರಿತು. ಎರಡು ಮಾತು ಆಡಿ ಅಂತ ಮೈಕನ್ನೂ ಕೊಟ್ಟರು.

ಅವನು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು, ಮೈಕಿಗೆ ಎರಡು ಸಲ ಊದಿ, ಸಂಕೋಚದಿಂದ ಹೇಳಿದ:

"ತಡ ಆಗಿದ್ರೆ ಬೇಜಾರ್ ಮಾಡ್ಕಬ್ಯಾಡ್ರಿ. ಹಿಂದೆ ಯಾರೋ ಕಾರು ಕಟ್ಟಿದ್ರು. ಇಲ್ಲಾಂದ್ರೆ ಇನ್ನೂ ಜಲ್ದಿ ಬರ್ತಿದ್ದೆ."