ಖಾಲಿ ಡಬ್ಬಿಯ ಪಾಠ

ಕಲ್ಮೇಶನಿಗೆ ಬೇಕಾಗಿದ್ದದ್ದು ಒಂದು ಖಾಲಿ ಡಬ್ಬಿ, ಅಷ್ಟೇ. ಆರು ವರ್ಷದಿಂದ ಖಾನಾಪುರದಲ್ಲಿ ಅತಿಥಿ ಉಪನ್ಯಾಸಕನಾಗಿ ಸವೆದವನಿಗೆ ಅಂದು ಬೆಳಗಾವಿಯ ಕಾಲೇಜೊಂದರಲ್ಲಿ ಕಾಯಂ ನೌಕರಿಗಾಗಿ ಮಾದರಿ ಪಾಠ. ವಿಷಯ, ದೈವದ ಪೂರ್ಣತೆ. ಪ್ರಾಚೀನ ಗ್ನಾಸ್ಟಿಕ್ ಪಂಥದವರ ಪ್ರಕಾರ ಆ ಪೂರ್ಣತೆ ಎಲ್ಲೋ ಮೇಲಿದೆ, ಈ ಲೋಕ ಬರೀ ಕೊರತೆ. ಖಾಲಿ ಡಬ್ಬಿ ತೆರೆದು "ನೋಡಿ, ಲೋಕ ಹೀಗಿದೆ!" ಎಂದು ತೋರಿಸಿದರೆ ನೌಕರಿ ಗಟ್ಟಿ ಎಂದು ಅವನ ಎಣಿಕೆ.

ಬಾಜು ಮನೆಯ ಮಾಯವ್ವ ಮುಚ್ಚಳದ ಹಿತ್ತಾಳೆ ಡಬ್ಬಿ ಕೊಟ್ಟಳು. ಒಳಗೆ ಅವಲಕ್ಕಿ!

"ಖಾಲಿ ಡಬ್ಬಿನ ಬೇಕಾಗಿತ್ರೀ ಕಾಕೂ."

"ಯಾರರ ಖಾಲಿ ಡಬ್ಬಿ ಕೊಡ್ತಾರೇನೋ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಸ್ಟೇಷನ್ನಿಗೆ ನಡೆಯುತ್ತಲೇ ಅವಲಕ್ಕಿ ತಿಂದು ಮುಗಿಸಿದ. ರೈಲಿನಲ್ಲಿ ಗುಂಜಿಯಿಂದ ಬಂದಿದ್ದ ಗಂಗಾದೇವಿ ಎಂಬಾಕೆ ಅವನು ನೌಕರಿಗಾಗಿ ಹೊರಟದ್ದನ್ನು ಕೇಳಿ, ಡಬ್ಬಿ ಅಲುಗಾಡಿಸಿ ನೋಡಿ ಹೌಹಾರಿದಳು. "ಅಯ್ಯ ಶಿವನ! ಚೊಲೋ ಕೆಲಸಕ್ಕ ಖಾಲಿ ಡಬ್ಬಿ ಹಿಡಕೊಂಡು ಹೊಂಟೀಯಲ್ಲೋ ತಮ್ಮಾ!" ಬೇಡ ಬೇಡವೆಂದರೂ ಚುರುಮುರಿ ಸುರಿದಳು. ಅದನ್ನೂ ನುಂಗಿದ. ಹೊಟ್ಟೆ ನಗಾರಿಯಾಯಿತು. ಕಾಲೇಜು ಮುಟ್ಟಿದ ಮೇಲೆ ಡಬ್ಬಿ ಒರೆಸಿ, ಮೇಜಿನ ಮೇಲಿಡಲು ಜವಾನ ಸೋಮಲಿಂಗನ ಕೈಗಿತ್ತು ಮುಖ ತೊಳೆಯಲು ಹೋದ. ಅಲ್ಲೇ ಕೆಟ್ಟ.

ಎದುರಿಗೆ ಕ್ಲಾಸಿನ ಹುಡುಗರು, ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲ ಶೀತಲ ಮೇಡಂ. ಪಕ್ಕದಲ್ಲಿ, ಇಪ್ಪತ್ತು ವರ್ಷ ಪಾಠ ಹೇಳಿ ಬೇಸತ್ತು ರಾಜೀನಾಮೆ ಬರೆದುಕೊಟ್ಟಿದ್ದ ಗುರುಪುತ್ರಪ್ಪ ಮಾಸ್ತರರು. ಅವರ ಜಾಗಕ್ಕೇ ಈ ನೌಕರಿ.

"ನೋಡಿ, ಲೋಕ ಹೀಗಿದೆ!" ಎಂದು ಕಲ್ಮೇಶ ಮುಚ್ಚಳ ತೆಗೆದ. ಡಬ್ಬಿಯ ತುಂಬ ಸಿಹಿ ಸಿಹಿ ಕುಂದಾ!

ಬಾಗಿಲಲ್ಲಿ ಸೋಮಲಿಂಗ ಹಲ್ಲು ಕಿರಿದ. "ಮಗಳು ಪಾಸಾಗ್ಯಾಳ್ರೀ ಸರ್, ಹಂಚಾಕ ತಂದಿದ್ದೆ. ಖಾಲಿ ಡಬ್ಬಿ ಹೆಂಗ ಇಡ್ಲಿ?"

ಕಲ್ಮೇಶ ಕುಂದಾ ನೋಡಿದ, ಸೋಮಲಿಂಗನನ್ನು ನೋಡಿದ. ಮರುಕ್ಷಣವೇ ನಗು ಬಂತು. ಬೆಳಿಗ್ಗೆಯಿಂದ ಒಬ್ಬರಾದರೂ ಈ ಡಬ್ಬಿಯನ್ನು ಬರಿದಾಗಿ ಬಿಟ್ಟಿದ್ದರೆ ತಾನೆ! ಟಿಪ್ಪಣಿ ಮಡಚಿಟ್ಟ. "ಕ್ರೈಸ್ತರ ಮಾತೇ ಬೇರೆ. ಆ ಪೂರ್ಣತೆ ಮೇಲೆಯೇ ಕೂತಿಲ್ಲ, ಮನುಷ್ಯನಾಗಿ ನಮ್ಮ ನಡುವೆ ಇಳಿದು ಬಂತು, ಎಲ್ಲರಿಗೂ ಸಿಗುತ್ತಲೇ ಇರುತ್ತದೆ ಎನ್ನುತ್ತಾರೆ ಅವರು" ಎಂದು ಕುಂದಾ ಹಂಚುತ್ತ, ಬೆಳಗಿನ ಪಾಡನ್ನೆಲ್ಲ ಹೇಳುತ್ತ ಪಾಠ ಮುಗಿಸಿದ. ಹುಡುಗರು ಚಪ್ಪಾಳೆ ತಟ್ಟಿದರು. ಮಾಸ್ತರರ ಕಣ್ಣು ಒದ್ದೆಯಾಗಿತ್ತು.

"ಇಂಥಾ ಪಾಠ ನಾ ಕೇಳೇ ಇಲ್ರೀ," ಎಂದರು ಮೇಡಂ. "ಖರೇ ಹೇಳ್ತೀನಿ, ನೌಕರಿ ನಿಮ್ದ."

ಕಲ್ಮೇಶ ಕೈಮುಗಿಯುವಷ್ಟರಲ್ಲಿ ಮಾಸ್ತರರು ಎದ್ದು ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

"ನನ್ನೊಳಗ ಎಲ್ಲಾ ಬತ್ತಿ ಹೋಗೇತಿ ಅಂದ್ಕೊಂಡಿದ್ದೆ ತಮ್ಮಾ. ಕಣ್ಣು ತೆರಿಸಿದಿ ನೋಡು! ಇನ್ನೂ ಹನ್ನೆರಡು ವರ್ಷ ಸರ್ವಿಸ್ ಐತಿ. ಒಂದು ದಿನಾನೂ ಬಿಡಂಗಿಲ್ಲ!"

ಹಾಗೆಂದವರೇ ಮೇಡಂ ಮುಂದಿದ್ದ ತಮ್ಮ ರಾಜೀನಾಮೆ ಪತ್ರವನ್ನು ಎತ್ತಿಕೊಂಡು ಪರಪರನೆ ಹರಿದುಹಾಕಿದರು.