ಗೌರೀಶನ ಕಾರಿನ ಕೆಂಪು ದೀಪ

ಹೇಮಶ್ರೀಗೆ ಗಂಡನ ಮೇಲೆ ಇದ್ದ ದೂರು ಒಂದೇ. ಮದುವೆಯಾಗಿ ಆರು ವರ್ಷವಾದರೂ ಗೌರೀಶ ಅವಳ ತಾಯಿ ಗುರುಶಾಂತಮ್ಮನವರ ಮುಖ ನೋಡಿ ಒಂದು ಮಾತಾಡಿದವನಲ್ಲ. ಅತ್ತೆಯ ಎದುರು ತಲೆ ತಗ್ಗಿಸುವುದು ಮರ್ಯಾದೆ ಎಂದು ಅವನ ವಾದ. ಏನಿದ್ದರೂ ಹೆಂಡತಿಯ ಮೂಲಕವೇ ಅರಿಕೆ.

ಅಂಥವನು ಹಳೇ ಕಾರೊಂದನ್ನು ಕೊಂಡ. ಸ್ಟೇರಿಂಗಿನ ಹಿಂದೆ ಹೊತ್ತಿಕೊಳ್ಳುವ ಇಪ್ಪತ್ತಾರು ದೀಪಗಳ ಚಿತ್ರವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದ. ಹಳದಿಯಾದರೆ ಗ್ಯಾರೇಜಿಗೆ ಹೋಗು, ಕೆಂಪಾದರೆ ಅಲ್ಲೇ ನಿಲ್ಲು.

ಆವತ್ತು ಹಂಪಾಪುರದಲ್ಲಿ ಹೇಮಶ್ರೀಯ ತಂಗಿ ಸುಧಾಳ ಮಗುವಿಗೆ ನಾಮಕರಣ. ಹನ್ನೊಂದರೊಳಗೆ ಅಜ್ಜಿ ಗುರುಶಾಂತಮ್ಮನವರೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಹಿಂದೆ ಕೂತರೆ ವಾಂತಿಯಾಗುತ್ತದೆಂದು ಅವರು ಮುಂದಿನ ಸೀಟಿನಲ್ಲೇ ಕೂತರು, ಹೇಮಶ್ರೀ ಹಿಂದೆ. ಗೌರೀಶ ಬಲಗಡೆಯ ಕಿಟಕಿ ನೋಡುತ್ತಾ, "ಗಟ್ಟಿಯಾಗಿ ಹಿಡ್ಕಂಡು ಕೂತ್ಕಳಕ್ಕೆ ಹೇಳು ನಿಮ್ಮವ್ವಂಗೆ" ಎಂದ. ಹೇಮಶ್ರೀ ಹೇಳಿದಳು. ಅವ್ವ ಹಿಡಿದುಕೊಂಡರು.

ಹುಣಸೂರು ದಾಟಿ ರಸ್ತೆಯ ಒಂದು ಹಂಪು ಹತ್ತಿ ಇಳಿದದ್ದೇ ತಡ, ಕೆಂಪು ಉಂಗುರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಹೊತ್ತಿಕೊಂಡಿತು. (ಗಾಡಿಗೇ ಆಶ್ಚರ್ಯವಾದರೆ ಓಡಿಸುವವನ ಗತಿಯೇನು!) ಬ್ರೇಕಿನ ದೀಪ. ಗೌರೀಶ ಮರದಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನೋಟ್‌ಬುಕ್ ತೆಗೆದ. 'ಮೊದಲು ಹ್ಯಾಂಡ್‌ಬ್ರೇಕ್ ಇಳಿದಿದೆಯೇ ನೋಡಿ' ಎಂದಿತ್ತು. ಸಾಲಿಗ್ರಾಮದಲ್ಲಿ ಮನೆಯಿಂದ ಹೊರಡುವಾಗ ತನ್ನ ಕೈಯಾರೆ ಇಳಿಸಿದ್ದನಲ್ಲ! ಅಲ್ಲದೆ ಎರಡು ಸೀಟಿನ ನಡುವಿನ ಆ ಜಾಗದ ಮೇಲೆ ಈಗ ಅತ್ತೆಯವರ ಸೆರಗು ಹರಡಿತ್ತು. ಅತ್ತ ಕಣ್ಣು ಹಾಯಿಸುವುದು ಸಭ್ಯ ಅಳಿಯನ ಲಕ್ಷಣವಲ್ಲ. ಆ ಸಾಲು ಬಿಟ್ಟು ಮುಂದಕ್ಕೆ ಹೋದ. ಬ್ರೇಕ್ ಆಯಿಲ್ ತುಂಬಿತ್ತು. ಹಾಗಾದರೆ ಒಳಗೇ ಏನೋ ಭಾರೀ ಅನಾಹುತ ಎಂದು ತೀರ್ಮಾನಿಸಿ ಹುಣಸೂರಿನ ಮೆಕ್ಯಾನಿಕ್ ಮರಿಯಯ್ಯನಿಗೆ ಫೋನ್ ಮಾಡಿದ. ಅಲ್ಲಾಡದೆ ಹಾಗೇ ಕೂತಿರಬೇಕೆಂದು ಅತ್ತೆಗೆ ಹೆಂಡತಿಯ ಮೂಲಕ ತಿಳಿಸಿದ.

ಮರಿಯಯ್ಯ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಹಂಪಾಪುರದಿಂದ ಮೂರು ಸಲ ಫೋನ್ ಬಂತು. ಮಗು ಅಳುತ್ತಿದೆಯಂತೆ, ಐನೋರು ಗಡಿಯಾರ ನೋಡುತ್ತಿದ್ದಾರಂತೆ.

ಮರಿಯಯ್ಯ ಬಾಗಿಲಿನಿಂದ ತಲೆ ತೂರಿಸಿ, ಸೆರಗು ಒಸಿ ಸರಿಸಲು ಹೇಳಿದ. ಅದರಡಿಯಲ್ಲಿ ಗುರುಶಾಂತಮ್ಮನವರ ಮುಷ್ಟಿ. ಮುಷ್ಟಿಯೊಳಗೆ, ಹಂಪಿನ ಕುಲುಕಿಗೆ ಅರ್ಧ ಮೇಲಕ್ಕೆದ್ದ ಹ್ಯಾಂಡ್‌ಬ್ರೇಕ್.

"ಇದನ್ಯಾಕವ್ವ ಹಿಡ್ಕಂಡಿದ್ದೀರಿ? ಬುಡಿ."

"ಅಳಿಯಂದಿರು ಹಿಡ್ಕಳಿ ಅಂದವ್ರೆ ಕಣಪ್ಪ. ಬುಡು ಅಂತ ಅವ್ರೇ ಹೇಳ್ಲಿ."

ಹೇಮಶ್ರೀ ಗಂಡನನ್ನೇ ನೋಡಿದಳು. ಈ ಸಲ ಅರಿಕೆ ಹೊತ್ತೊಯ್ಯುವ ಲಕ್ಷಣ ಅವಳಲ್ಲಿ ಕಾಣಲಿಲ್ಲ. ಗೌರೀಶನ ಕಿವಿಗಳು ಆ ದೀಪಕ್ಕಿಂತ ಕೆಂಪಾದವು. ತಲೆಯೆತ್ತಿ, ಅತ್ತೆಯ ಮುಖ ನೋಡಿದ.

"ಬುಡಿ... ಅತ್ತೆ."

ಬಿಟ್ಟರು. ಮರಿಯಯ್ಯ ಹ್ಯಾಂಡ್‌ಬ್ರೇಕ್ ಇಳಿಸಿದ, ದೀಪ ಆರಿತು. ಚಕ್ರದ ಕಲ್ಲು ತೆಗೆಯುವ ನೆಪದಲ್ಲಿ ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಬೆನ್ನು ಮಾತ್ರ ಕುಲುಕುತ್ತಿತ್ತು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮಗು ತೊಟ್ಟಿಲು ಸೇರಿತು. ಯಾಕಿಷ್ಟು ತಡವೆಂದು ಬೀಗರು ಕೇಳಿದರು. ಗೌರೀಶ ಬಾಗಿಲಲ್ಲಿ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಗುರುಶಾಂತಮ್ಮ ತೊಟ್ಟಿಲು ತೂಗುತ್ತಾ ಶಾಂತವಾಗಿ ಹೇಳಿದರು:

"ಹಿಡ್ಕಳಿ ಅನ್ನಕ್ಕೆ ಮಗಳು ಸಾಕಾಗಿದ್ಲು. ಬುಡಿ ಅನ್ನಕ್ಕೆ ನಮ್ಮ ಅಳಿಯಂದಿರು ಹುಣಸೂರಿಂದ ಜನ ಕರೆಸ್ಬೇಕಾಯ್ತು ಕಣ್ರವ್ವ."