ಹುಳದ ಮನೆಯ ಹೊಸ್ತಿಲು ಮತ್ತು ನಮ್ಮಪ್ಪನ ಜೀನು

ನಮ್ಮ ಜನ ರಕ್ತದ ಮೇಲೆ ಹೊರಿಸದ ಅಪವಾದ ಯಾವುದೂ ಉಳಿದಿಲ್ಲ. ಮಗು ಹಟ ಮಾಡಿದರೆ ಅಜ್ಜನ ರಕ್ತ, ಸಾರಿಗೆ ಉಪ್ಪು ಹೆಚ್ಚಾದರೆ ಸೊಸೆಯ ತವರಿನ ರಕ್ತ. ಸಾರು ಚೆನ್ನಾಗಿದ್ದ ದಿನ ಮಾತ್ರ ಯಾರೂ ರಕ್ತಪರೀಕ್ಷೆಗೆ ಹೋಗುವುದಿಲ್ಲ. ನಾನು ರಾಮನಗರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ರಕ್ತ ನಮ್ಮಪ್ಪನದಾಗಿದ್ದರಂತೂ ಕೇಳಲೇ ಬೇಡಿ.

ನಮ್ಮಪ್ಪ ಬೈರಾಪಟ್ಟಣದಲ್ಲಿ ರೇಷ್ಮೆ ಹುಳ ಮೇಯಿಸುತ್ತಿದ್ದರು. ಮೇಲಿಂದ ಮೇಲೆ ಬೆಳೆ ಕೈಕೊಟ್ಟಿತು. ಪಕ್ಕದವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಊರವರಿಗೆ ಮಾತ್ರ ಅಪ್ಪನದು ಆಗಿಬರದ ಕೈ. ಕೊನೆಗೆ ಅವರು ಹುಳದ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ, ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಫ್ಯಾಕ್ಟರಿಯೊಂದರಲ್ಲಿ ಗೇಟು ಕಾಯಲು ಹೋದರು. ನಾನು ಮದುವೆಯಾಗಿ ಕೂಟಗಲ್ಲಿಗೆ ಬಂದರೆ ಇಲ್ಲೂ ಹುಳ. ನಮ್ಮತ್ತೆ ಅಡುಗೆಮನೆ, ದೇವರಮನೆ, ಬೀರುವಿನ ಬೀಗದ ಕೈ ಎಲ್ಲವನ್ನೂ ಬಂದ ಹೊಸದರಲ್ಲೇ ನನಗೆ ಒಪ್ಪಿಸಿದರು. ಹುಳದ ಮನೆಯ ಹೊಸ್ತಿಲನ್ನು ಮಾತ್ರ ನಾನು ದಾಟುವಂತಿರಲಿಲ್ಲ. ಹಾಗೆ ನೋಡಿದರೆ ಅಲ್ಲಿಗೆ ಚಪ್ಪಲಿ, ಪೌಡರು, ಒಗ್ಗರಣೆಯ ವಾಸನೆ ಯಾವುದೂ ಹೋಗಬಾರದು. ಹುಳ ನಾಜೂಕು, ಒಪ್ಪೋಣ. ಆದರೆ ಕೈಕಾಲು ತೊಳೆದು ಬಂದ ನನ್ನನ್ನು ತಡೆದದ್ದು ನಮ್ಮಪ್ಪನ ಹೆಸರಿನಲ್ಲಿ.

“ಕೈಗುಣ ರಕ್ತದಲ್ಲೇ ಬತ್ತದೆ ಕಣವ್ವ. ನಿನ್ ತಪ್ಪಲ್ಲ ಬುಡು,” ಎಂದರು ಅತ್ತೆ, ಬಹಳ ಪ್ರೀತಿಯಿಂದ. ಪ್ರೀತಿಯಿಂದ ಅವಮಾನ ಮಾಡುವವರ ಜೊತೆ ಜಗಳವಾಡುವುದು ಎಷ್ಟು ಕಷ್ಟವೆಂದು ಸೊಸೆಯಂದಿರಿಗೆ ಹೇಳಬೇಕಾಗಿಲ್ಲ.

ನಾನೂ ಬಿಡುವವಳಲ್ಲ. ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರು ಜಗಲಿಯಲ್ಲಿ ಕೂತು ಪಾಠ ಶುರುಮಾಡಿದೆ. ರೇಷ್ಮೆ ಹುಳದ ಕಣ್ಣಿನ ಕಣದಲ್ಲೂ, ಕಾಲಿನ ಕಣದಲ್ಲೂ ನೂಲಿನ ಜೀನು ಇದೆ. ಆದರೂ ಯಾವ ಹುಳವೂ ಕಾಲಿನಿಂದ ನೂಲು ತೆಗೆಯುವುದಿಲ್ಲ. ಏಕೆಂದರೆ ಜೀನಿನ ಮುಂದೆ ಪ್ರಮೋಟರ್ ಎಂಬ ಡಿಎನ್‌ಎ ತುಂಡು ಇರುತ್ತದೆ, ಒಮ್ಮೊಮ್ಮೆ ಬಲು ದೂರದಲ್ಲಿ ಎನ್‌ಹಾನ್ಸರ್ ಎಂಬ ತುಂಡುಗಳಿರುತ್ತವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಬಂದು ಅವುಗಳ ಮೇಲೆ ಕೂತರೆ ಜೀನು ಎದ್ದು ಕೆಲಸಕ್ಕೆ ಇಳಿಯುತ್ತದೆ. ಕೂತು ಬಾಯಿ ಮುಚ್ಚಿಸುವ ಪ್ರೋಟೀನುಗಳೂ ಉಂಟು. ನೂಲಿನ ಜೀನನ್ನು ಎಬ್ಬಿಸುವ ಸರಿಯಾದ ಗುಂಪು ಸೇರುವುದು ರೇಷ್ಮೆ ಗ್ರಂಥಿಯಲ್ಲಿ ಮಾತ್ರ. ಉಳಿದ ಕಡೆ ಅದು ಮಲಗಿಯೇ ಇರುತ್ತದೆ.

“ಅಂದ್ರೆ ಅತ್ತೆ, ಇರೋದೇ ಬೇರೆ, ಎದ್ದು ಕೆಲಸ ಮಾಡೋದೇ ಬೇರೆ. ಅಪ್ಪನ ಕೈಗುಣ ಅಂತ ಒಂದಿದೆ ಅಂತಲೇ ಇಟ್ಕೊಳ್ಳಿ, ಅದು ನನ್ನಲ್ಲಿ ಎದ್ದಿದೆ ಅಂತ ಯಾರು ಹೇಳಿದ್ದು?”

ವಾದಕ್ಕೆಂದು ಅಷ್ಟು ಬಿಟ್ಟುಕೊಟ್ಟದ್ದೇ ತಪ್ಪಾಯಿತು. ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. “ಮಲಗೈತೆ ಅಂತ ನೀನೇ ಅಂದೆ. ಹುಳ ಕಂಡೇಟ್ಗೆ ಎದ್ಬುಟ್ರೆ ಏನ್ ಮಾಡನೆ? ಅದ್ಕೇ ಅಲ್ವಾ ಒಳಕ್ ಬರ್ಬ್ಯಾಡ ಅನ್ನೋದು.”

ಹೊರಗಿನ ಪರಿಸ್ಥಿತಿಯೂ ಜೀನುಗಳನ್ನು ಎಬ್ಬಿಸಬಲ್ಲದು ಎಂದು ಪಠ್ಯಪುಸ್ತಕದ ಮುಂದಿನ ಪುಟದಲ್ಲೇ ಇತ್ತು. ನಾನು ಆ ಪುಟದ ಸುದ್ದಿ ಎತ್ತಲಿಲ್ಲ.

ಆದರೆ ಹುಳ ನಮ್ಮ ಜಗಳ ಮುಗಿಯಲೆಂದು ಕಾಯುವುದಿಲ್ಲ. ಹಣ್ಣಾದ ಹುಳವನ್ನು, ಅಂದರೆ ಮೇವು ಬಿಟ್ಟು ನೂಲಲು ಸಿದ್ಧವಾದದ್ದನ್ನು, ಕೂಡಲೇ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಕಂಡಲ್ಲಿ ನೂಲು ಸುರಿದು ಗೂಡು ಹಾಳಾಗುತ್ತದೆ. ಮೊದಲಾದರೆ ಆರಿಸಲು ಬೀದಿಯೇ ಬರುತ್ತಿತ್ತು. ಈಗ ಬೀದಿ ಬೆಳಗ್ಗೆಯೇ ಫ್ಯಾಕ್ಟರಿಗಳ ಬಸ್ಸು ಹತ್ತಿ ಹೋಗಿರುತ್ತದೆ, ನನ್ನ ಗಂಡನೂ ಅದರಲ್ಲೇ. ನಾನು ಕಾಲೇಜಿನಿಂದ ಬಂದಾಗ ಇಡೀ ಬೆಳೆ ಹಣ್ಣಾಗಿ ಅತ್ತೆ ಒಬ್ಬರೇ ಒದ್ದಾಡುತ್ತಿದ್ದರು. ಕಾಲು ತೊಳೆದು ಹೊಸ್ತಿಲಿಗೆ ಬಂದೆ.

“ಅಲ್ಲೇ ನಿಂತ್ಕೊ.”

“ನಿಲ್ಲಲ್ಲ. ಬೆಳೆ ಕೆಟ್ಟರೆ ನಮ್ಮಪ್ಪನ್ನ ಅನ್ನಬೇಡಿ, ನನ್ನನ್ನ ಅನ್ನಿ. ನನ್ನ ಕೈ ನಂದು,” ಎಂದು ಒಳಗೆ ನುಗ್ಗಿದೆ. ಅತ್ತೆ ತಟ್ಟೆಯೊಂದನ್ನು ನನ್ನ ಕಡೆ ತಳ್ಳಿದರು.

ಗೂಡು ಗಟ್ಟಿಯಾಗಿ, ಸೊಗಸಾಗಿ ಬಂತು. “ನಮ್ ಸೊಸೆ ಕೈಗುಣ ಒಳ್ಳೇದು ಕಣ್ರವ್ವ,” ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೈಗುಣ ಎಂಬುದೇ ಇಲ್ಲ ಎಂದು ಅಲ್ಲೇ ತಿದ್ದಬೇಕಾಗಿದ್ದ ಜೀವಶಾಸ್ತ್ರದ ಮೇಡಂ ನಾಚಿಕೊಂಡು ನಗುತ್ತಾ ನಿಂತಿದ್ದಳು.

ಮುಂದಿನ ಬೆಳೆಯ ಹೊತ್ತಿಗೆ ರಜೆ ಹಾಕಿ ಅಪ್ಪ ಬಂದರು. ಯಾರೂ ಹೇಳದೆಯೇ ನಲ್ಲಿಯಲ್ಲಿ ಕಾಲು ತೊಳೆದು, ಹುಳದ ಮನೆಯ ಬಾಗಿಲಲ್ಲಿ ನಿಂತು, “ಒಸಿ ಒಳಗ್ ಬಂದು ನೋಡ್ಲೇನವ್ವ?” ಎಂದರು.

“ಬೇಡಪ್ಪ, ಜಗಲಿ ಮೇಲೆ ಕೂತಿರಿ. ಕಾಫಿ ತರ್ತೀನಿ,” ಎಂದುಬಿಟ್ಟೆ.

ಅಪ್ಪ ಹೋಗಿ ಕೂತರು. ಒಲೆಯ ಮುಂದೆ ನಿಂತಾಗ ನಾನು ಆಡಿದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಹುಳದ ಮನೆಯಿಂದ ಅತ್ತೆಯ ದನಿ ಬಂತು. “ಬನ್ನಿ ಬೀಗ್ರೇ ಒಳಕ್ಕೆ. ಅವ್ಳ್ ಮಾತೇನ್ ಕೇಳೀರಿ. ಈ ತಟ್ಟೇಲಿ ಯಾಕೋ ಮೇವು ಉಳೀತಾ ಐತೆ, ಒಸಿ ನೋಡಿ.”

ಲೋಟ ಹಿಡಿದು ಓಡಿದೆ. ಇಬ್ಬರೂ ತಲೆಗೆ ತಲೆ ತಾಗುವಂತೆ ತಟ್ಟೆಯ ಮೇಲೆ ಬಗ್ಗಿದ್ದರು. ಅಪ್ಪ ಹುಳವೊಂದನ್ನು ಅಂಗೈ ಮೇಲೆ ಬಿಟ್ಟುಕೊಂಡು ಏನೋ ಹೇಳುತ್ತಿದ್ದರು. ನಾನು ಒಳಗೆ ಕಾಲಿಡಹೋದೆ.

“ಕಾಫಿ ವಾಸ್ನೆ ಒಳಕ್ ತರ್ಬ್ಯಾಡ, ಅಲ್ಲೇ ನಿಂತ್ಕೊ,” ಎಂದರು ಅತ್ತೆ.

ನಿಂತುಕೊಂಡೆ.